ತವರಿನ ಗೆರೆ

ಆ ಕೆಂಪು ಪಟ್ಟಿಯನ್ನು ನೆನೆಸಿಕೊಂಡರೆ ನನಗೆ ಈಗಲೂ ಹೇಸಿಗೆಯಾಗುತ್ತದೆ. ಫೋನಿನ ಪರದೆಯ ಮೇಲೆ ಬೆರಳಗಲದ ಪಟ್ಟಿ, ಅದರೊಳಗೆ ಬಿಳಿ ಅಕ್ಷರದಲ್ಲಿ ‘ಅಣ್ಣ-ತಂಗಿ, ಸಂಬಂಧ ಕೂಡದು’ ಎಂಬ ಸಾಲು. ಅದರ ಕೆಳಗೆ ನನ್ನ ಅಕ್ಕನ ಮಗಳ ಹೆಸರು, ಪಕ್ಕದಲ್ಲಿ ಅವಳಿಗೆ ಗೊತ್ತಾಗಿದ್ದ ಗಂಡಿನ ಹೆಸರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂ ತಾಲ್ಲೂಕಿನ ನಮ್ಮ ಜನರೆಲ್ಲ ಒಂದೇ ದಿನದಲ್ಲಿ ಅದನ್ನು ನೋಡಿದರು. ನೋಡಿ ಸುಮ್ಮನಿದ್ದವರು ಕಡಿಮೆ.

ನಾನು ಇರುವುದು ಶಿರಾದಲ್ಲಿ. ಕಡಲೆಕಾಯಿ ಮಂಡಿಯ ಮೇಲಿನ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು ಬೇರೆ ಬೇರೆ ಊರಿನ ಕಂಪನಿಗಳ ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಕಸುಬು. ಕೆಳಗೆ ಕಾಯಿ ಸುರಿದಾಗಲೆಲ್ಲ ಧೂಳು ಮೇಲಕ್ಕೆ ಬರುತ್ತದೆ. ಕೀಬೋರ್ಡ್ ಒರೆಸಿಕೊಂಡು ಕೂರುತ್ತೇನೆ. ಇಂಥ ಕೋಣೆಗೆ ಒಂದು ದಿನ ನಮ್ಮ ಜನಾಂಗದ ಸಂಘದ ಕಾರ್ಯದರ್ಶಿ ಮೆಟ್ಟಿಲು ಹತ್ತಿ ಬಂದರು. ನಾಲ್ಕು ತಾಲ್ಲೂಕಿನ ಎಲ್ಲ ಮನೆಗಳ ವಂಶಾವಳಿಯನ್ನೂ ಒಂದು ಆ್ಯಪಿಗೆ ಹಾಕಬೇಕು, ಹೆಣ್ಣು ಗಂಡು ನೋಡುವವರು ಇಬ್ಬರ ಹೆಸರು ಒತ್ತಿದರೆ ಸಂಬಂಧ ಆಗುತ್ತದೋ ಇಲ್ಲವೋ ತಕ್ಷಣ ಹೇಳಬೇಕು ಎಂದರು. ಆ್ಯಪ್ ಮಾಡುವವನನ್ನು ಆಗಲೇ ಹಿಡಿದಿದ್ದರು. ಅದರ ಹಿಂದಿನ ಡೇಟಾಬೇಸ್ ನಿಲ್ಲಿಸಿಕೊಡುವ ಕೆಲಸ ನನ್ನದು.

ನನಗೆ ಖುಷಿಯಾಯಿತು. ಅದನ್ನು ಹೇಳಿಬಿಡಬೇಕು, ಆಮೇಲೆ ಬೇರೆಯವರನ್ನು ಬಯ್ಯುವುದು ಬೇಕಾದಷ್ಟಿದೆ. ಅಷ್ಟು ವರ್ಷ ಕಂಡವರ ಸರಕಿನ ಪಟ್ಟಿ, ಲಾರಿ ಪಟ್ಟಿ ನೋಡಿ ಬೇಸತ್ತಿದ್ದವಳಿಗೆ ನಮ್ಮದೇ ಜನರ ಸಂಬಂಧಗಳನ್ನು ಗ್ರಾಫ್ ಡೇಟಾಬೇಸಿನಲ್ಲಿ ಕೂರಿಸುವ ಕೆಲಸ ಸಿಕ್ಕಿತ್ತು. ಗ್ರಾಫ್ ಡೇಟಾಬೇಸ್ ಎಂದರೆ ಬಹಳ ದೊಡ್ಡದೇನಲ್ಲ. ಅದರಲ್ಲಿ ಮನುಷ್ಯರು ಚುಕ್ಕಿಗಳು, ಅವರ ನಡುವಿನ ಸಂಬಂಧಗಳು ಗೆರೆಗಳು. ಇಂಥವನು ಇಂಥವನ ಮಗ, ಇಂಥವಳು ಇಂಥವನ ಹೆಂಡತಿ ಎಂದು ಗೆರೆ ಎಳೆಯುತ್ತ ಹೋದರೆ, ಆಮೇಲೆ ಯಾವ ಎರಡು ಚುಕ್ಕಿ ತೋರಿಸಿದರೂ ಅದು ಗೆರೆ ಹಿಡಿದು ನಡೆದು ಇವರಿಗೂ ಅವರಿಗೂ ಏನು ಎಂದು ಹೇಳುತ್ತದೆ. ಅಂಗಳದಲ್ಲಿ ರಂಗೋಲಿ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಲ್ಲಿ ಈ ನಡಿಗೆಗೆ ಕಟ್ಟಳೆ ಇದೆ. ಒಬ್ಬನೇ ಮೂಲಪುರುಷನಿಂದ ಬಂದ ಮನೆಗಳೆಲ್ಲ ಒಂದು ಬೆಡಗು. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಅವರೊಳಗೆ ಕೊಟ್ಟು ತರುವುದಿಲ್ಲ. ಅಕ್ಕತಂಗಿಯರ ಮಕ್ಕಳು ಬೆಡಗು ಬೇರೆಯಾದರೂ ಅಣ್ಣತಂಗಿಯರೇ, ಅಲ್ಲಿಯೂ ಕೂಡದು. ಸೋದರಮಾವನ ಮಗ, ಸೋದರತ್ತೆಯ ಮಗ ಆಗಬಹುದು. ಇದನ್ನು ನಾನು ಯಾವ ಪುಸ್ತಕದಿಂದಲೂ ಕಲಿತವಳಲ್ಲ. ಗೌಡಗೆರೆ ಹೋಬಳಿಯ ನಮ್ಮೂರಿನ ಜಗಲಿಯ ಮೇಲೆ ಕೂತು ಹೆಳವರ ಅಜ್ಜನ ಬಾಯಲ್ಲಿ ಕೇಳಿದ್ದೆ.

ಹೆಳವರು ಎಂದರೆ ನಮ್ಮ ಮನೆಗಳ ವಂಶಾವಳಿ ಬರೆದಿಟ್ಟುಕೊಂಡು ಊರೂರು ತಿರುಗುವವರು. ನಾನು ಚಿಕ್ಕವಳಿದ್ದಾಗ ಆ ಅಜ್ಜ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬರುತ್ತಿದ್ದ. ನಮ್ಮ ಮನೆಯ ಮೂರು ತಲೆಮಾರನ್ನು ನೋಡಿದವನು, ಆದರೂ ಬಂದ ಕೂಡಲೇ ಪುಸ್ತಕ ಬಿಚ್ಚುತ್ತಿರಲಿಲ್ಲ. ಅಂಗಳದಲ್ಲಿ ಕಂಬಳಿ ಹಾಸಿಸಿಕೊಂಡು ಕೂತು, ನಿಮ್ಮ ಬೆಡಗು ಯಾವುದು, ಮನೆದೇವರು ಯಾವುದು ಎಂದು ಗೊತ್ತಿದ್ದದ್ದನ್ನೇ ಕೇಳುತ್ತಿದ್ದ. ಅಪ್ಪ ಹೇಳಬೇಕು. ಆಮೇಲೆ ಗಂಟು ಬಿಚ್ಚಿ, ನಮ್ಮ ಮನೆಯ ಪುಟವನ್ನಷ್ಟೇ ತೆಗೆದು ರಾಗವಾಗಿ ಓದುತ್ತಿದ್ದ. ಪಕ್ಕದ ಮನೆಯವರದ್ದು ಏನಿದೆ ಎಂದು ಕೇಳಿದರೆ ಅವರ ಅಂಗಳದಲ್ಲಿ ಕೇಳು ಎನ್ನುತ್ತಿದ್ದ. ಹೊಸದಾಗಿ ಹುಟ್ಟಿದ ಕೂಸಿನ ಹೆಸರು ಬರೆಯುವುದಾದರೆ ಮನೆಯ ಯಜಮಾನ ಎದುರಿಗಿರಬೇಕು. ಬರೆದದ್ದನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿ, ಹೌದು ಅನ್ನಿಸಿಕೊಂಡು, ಆಮೇಲೆ ಗಂಟು ಕಟ್ಟುತ್ತಿದ್ದ. ಮೊರದ ತುಂಬ ರಾಗಿ ಹಾಕಿಸಿಕೊಂಡು ಹೊರಡುತ್ತಿದ್ದ.

ಫೋನಿನ ಆ್ಯಪು ಡೇಟಾಬೇಸಿನ ಹತ್ತಿರ ಹೋಗುವ ರೀತಿಯೂ ಹೀಗೆಯೇ ಇರಬೇಕು. ಜನ ಫೋನಿನಲ್ಲಿ ನೋಡುವುದು ಆ್ಯಪನ್ನು ಮಾತ್ರ, ಅದರೊಳಗೆ ವಂಶಾವಳಿ ಇರುವುದಿಲ್ಲ. ವಂಶಾವಳಿ ಎಲ್ಲೋ ಒಂದು ಬಾಡಿಗೆ ಸರ್ವರಿನಲ್ಲಿ ಇರುತ್ತದೆ. ಆ್ಯಪು ಅದರ ವಿಳಾಸಕ್ಕೆ ಹೋಗಿ, ಗೊತ್ತಾದ ಬಾಗಿಲನ್ನೇ ತಟ್ಟಿ, ಹೆಸರು ಮತ್ತು ಪಾಸ್‌ವರ್ಡ್ ಹೇಳಬೇಕು. ಈ ಹೋಗಿಬರುವ ಓಡಾಟಕ್ಕೆ ಡ್ರೈವರ್ ಎಂಬ ಸಣ್ಣ ಪ್ರೋಗ್ರಾಮು ಇರುತ್ತದೆ. ಡೇಟಾಬೇಸಿನ ಭಾಷೆ ಬಲ್ಲದ್ದು ಅದೇ. ಬಾಗಿಲು ತೆರೆದ ಮೇಲೆ ಒಂದು ಸೆಷನ್ ಶುರುವಾಗುತ್ತದೆ, ಅದರೊಳಗೆ ಪ್ರಶ್ನೆ ಕೇಳುತ್ತದೆ, ಉತ್ತರ ಒಂದೊಂದೇ ಸಾಲಾಗಿ ಬರುತ್ತದೆ. ಕೆಲಸ ಮುಗಿದ ಮೇಲೆ ಸೆಷನ್ ಮುಚ್ಚಿ ಎದ್ದು ಬರಬೇಕು. ಓದುವವರಿಗೆ ಓದುವಷ್ಟೇ ಹಕ್ಕು, ಬರೆಯುವವರು ಬೇರೆ. ಜೊತೆಗೆ, ಊರವರೆಲ್ಲರ ಫೋನುಗಳು ನೇರವಾಗಿ ಡೇಟಾಬೇಸಿನ ಬಾಗಿಲಿಗೆ ಬರಬಾರದು. ನಡುವೆ ನಮ್ಮದೊಂದು ಸರ್ವರ್ ಕೂತು, ಯಾರು ಬಂದರು, ಏನು ಕೇಳಿದರು ಎಂದು ನೋಡಿ, ಕೇಳತಕ್ಕದ್ದನ್ನಷ್ಟೇ ಒಳಗೆ ಕೇಳಬೇಕು.

ಸಂಘದವರ ಆ್ಯಪು ಇದರಲ್ಲಿ ಒಂದನ್ನೂ ಮಾಡುತ್ತಿರಲಿಲ್ಲ. ಅದನ್ನು ಮೊದಲ ಸಾರಿ ಬಿಚ್ಚಿ ನೋಡಿದಾಗ ಯಾರದೋ ಎಂಜಲು ತಟ್ಟೆಗೆ ಕೈಯಿಟ್ಟ ಹಾಗಾಯಿತು. ನಡುವೆ ಸರ್ವರೂ ಇಲ್ಲ, ಏನೂ ಇಲ್ಲ. ಪ್ರತಿ ಫೋನೂ ನೇರ ಡೇಟಾಬೇಸಿಗೆ ಬರುವುದು. ಎಲ್ಲ ಫೋನಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಅದೂ ಆ್ಯಪಿನೊಳಗೇ ಬರೆದಿಟ್ಟದ್ದು. ಆ ಹೆಸರಿಗೆ ಓದುವ, ಬರೆಯುವ, ಅಳಿಸುವ ಎಲ್ಲ ಹಕ್ಕೂ ಇತ್ತು. ಒಂದೊಂದು ಸಾರಿ ಒತ್ತಿದಾಗಲೂ ಹೊಸ ಸೆಷನ್ ತೆರೆಯುವುದು, ಮುಚ್ಚುವುದು ಇಲ್ಲವೇ ಇಲ್ಲ. ಎಲ್ಲಕ್ಕಿಂತ ಹೇಸಿಗೆಯದು ಅದರ ಪ್ರಶ್ನೆ. ಈ ಇಬ್ಬರ ನಡುವೆ ಯಾವ ಥರದ ಗೆರೆಯಾದರೂ ಸರಿ, ಇಷ್ಟು ಹೆಜ್ಜೆಯೊಳಗೆ ದಾರಿ ಇದೆಯೇ ಎಂದು ಕೇಳುವುದು. ಇದ್ದರೆ ಅಣ್ಣ-ತಂಗಿ ಎಂದು ಕೆಂಪು ಪಟ್ಟಿ, ಇಲ್ಲದಿದ್ದರೆ ಹಸಿರು. ಎಂಥ ಗೆರೆ, ಯಾವ ಕಡೆಯಿಂದ ಎಳೆದದ್ದು ಎಂದು ನೋಡುವ ಗೋಜಿಗೇ ಹೋಗುತ್ತಿರಲಿಲ್ಲ.

ಕಾರ್ಯದರ್ಶಿಗೆ ಹೇಳಿದೆ. ಇದನ್ನು ಹೀಗೆ ಬಿಟ್ಟರೆ ಯಾರು ಬೇಕಾದರೂ ಯಾರ ಮನೆಯೊಳಗೆ ಬೇಕಾದರೂ ಕೈಯಾಡಿಸಬಹುದು ಎಂದೆ. ಅವರು ನನ್ನ ಮಾತನ್ನು ಗಾಳಿಗೆ ತೂರಿದರು. ಉದ್ಘಾಟನೆಗೆ ದಿನ ಗೊತ್ತಾಗಿದೆ, ಹಾರದ ಲೆಕ್ಕವೂ ಆಗಿದೆ, ನಮ್ಮ ಜನ ಅಂಥವರಲ್ಲ ಎಂದರು. ನಾನು ಅಲ್ಲಿಗೇ ಕೈ ಎತ್ತಿ ಎದ್ದು ಬರಬೇಕಿತ್ತು. ಬರಲಿಲ್ಲ. ವೇದಿಕೆಯ ಮೇಲೆ ನನಗೂ ಒಂದು ಕುರ್ಚಿ ಇತ್ತು, ಹೆಸರು ಕರೆದು ಶಾಲು ಹೊದಿಸುವವರಿದ್ದರು. ಆ ಶಾಲಿಗೆ ಬಾಯಿ ಮುಚ್ಚಿಕೊಂಡೆ.

ಉದ್ಘಾಟನೆಯ ದಿನ ಬೆಳಿಗ್ಗೆ ಸಂಘದ ಛತ್ರದ ಪಡಸಾಲೆಯಲ್ಲಿ ಕೂತು ನನ್ನ ಫೋನಿನಲ್ಲಿ ಆ್ಯಪ್ ಹಾಕಿಕೊಂಡು ನೋಡಿದೆ. ಬಾಗಿಲು ತಟ್ಟುತ್ತದೆಯೇ, ಬರೆದದ್ದು ಉಳಿಯುತ್ತದೆಯೇ ಎಂದು ನೋಡಲು ಯಾರದಾದರೂ ಹೆಸರು ಬೇಕಲ್ಲ. ನಮ್ಮದೇ ಮನೆಯದನ್ನು ತುಂಬಿಸಿದೆ. ಅಪ್ಪ, ಅಮ್ಮ, ಇಬ್ಬರೂ ಈಗಿಲ್ಲ. ಮಧುಗಿರಿಗೆ ಕೊಟ್ಟ ಅಕ್ಕ, ನಾನು, ಮಕ್ಕಳು. ಗಂಡುಮಕ್ಕಳಿಲ್ಲದ ಮನೆ ನಮ್ಮದು. ಆಮೇಲೆ ಬಲಸಮುದ್ರದಕ್ಕನನ್ನು ತುಂಬಿಸಿದೆ.

ಬಲಸಮುದ್ರದಕ್ಕ ನಮ್ಮೂರಿನಲ್ಲಿ ನಮ್ಮ ಪಕ್ಕದ ಮನೆಯವಳು. ಅವರದೇ ಬೇರೆ ಬೆಡಗು. ಅವಳು ಚಿಕ್ಕವಳಿದ್ದಾಗಲೇ ತಾಯಿ ಸತ್ತಳು. ತಂದೆ ಇನ್ನೊಂದು ಮದುವೆಯಾಗಿ ಆಂಧ್ರದ ಕಡೆ ಹೋದವನು ತಿರುಗಿ ನೋಡಲಿಲ್ಲ. ಕುರುಡು ಅಜ್ಜಿಯ ಜೊತೆ ಉಳಿದ ಹುಡುಗಿ ಉಂಡದ್ದು, ಮಲಗಿದ್ದು, ಬೈಸಿಕೊಂಡದ್ದು ಎಲ್ಲ ನಮ್ಮ ಮನೆಯಲ್ಲೇ. ನನಗೆ ಜಡೆ ಹಾಕಿದವಳು ಅವಳು, ಹೇನು ಹೆಕ್ಕಿದವಳು ಅವಳು. ಪಾವಗಡ ತಾಲ್ಲೂಕಿನ ಬಲಸಮುದ್ರಕ್ಕೆ ಮದುವೆ ಗೊತ್ತಾದಾಗ ಧಾರೆ ಎರೆಯಲು ಅವಳ ಕಡೆಯವರು ಯಾರೂ ಬರಲಿಲ್ಲ. ನಮ್ಮ ಅಪ್ಪ ಅಮ್ಮನೇ ಹಸೆಯ ಹತ್ತಿರ ನಿಂತು ಧಾರೆ ಎರೆದರು. ನಮ್ಮ ಕಡೆ ಧಾರೆ ಎರೆದ ಮನೆಯೇ ಹೆಣ್ಣಿಗೆ ತವರು. ಅವಳ ಬಾಣಂತನ ನಮ್ಮ ಮನೆಯಲ್ಲಿ ಆಯಿತು. ಪ್ರತಿ ಗೌರಿ ಹಬ್ಬಕ್ಕೆ ಅಮ್ಮ ಅವಳಿಗೆ ಬಾಗಿನ ಕಳಿಸುತ್ತಿದ್ದಳು. ಅಮ್ಮ ಹೋದ ಮೇಲೆ ನಾನು ಮೊರದ ಬಾಗಿನ ಕಟ್ಟಿಕೊಂಡು ಪಾವಗಡದ ಬಸ್ಸು ಹತ್ತುತ್ತೇನೆ.

ಆ್ಯಪಿನಲ್ಲಿ ಹೆಂಗಸರ ಹೆಸರಿನ ಕೆಳಗೆ ‘ತವರು ಮನೆ’ ಎಂಬ ಖಾನೆ ಇತ್ತು. ಅಲ್ಲಿ ನಮ್ಮ ಮನೆಯನ್ನು ಆರಿಸಿ ಒತ್ತಿದೆ. ಯೋಚಿಸಲೂ ಇಲ್ಲ. ‘ಉಳಿಸಲಾಗಿದೆ’ ಎಂದು ಬಂತು, ಕೆಲಸ ಮಾಡುತ್ತದೆ ಎಂದು ಸಮಾಧಾನವಾಗಿ ಸೀರೆ ಬದಲಾಯಿಸಲು ಹೋದೆ.

ಅದಾಗಿ ಒಂದೂವರೆ ವರ್ಷಕ್ಕೆ ಅಕ್ಕನ ಮಗಳಿಗೂ ಬಲಸಮುದ್ರದಕ್ಕನ ಮಗನಿಗೂ ಮಾತಾಯಿತು. ಅವಳು ಕೊರಟಗೆರೆಯಲ್ಲಿ ನರ್ಸ್. ಅವನು ಸೋಲಾರ್ ಪಾರ್ಕಿನಲ್ಲಿ ಟೆಕ್ನಿಷಿಯನ್, ದಿನವಿಡೀ ಬಿಸಿಲಿನಲ್ಲಿ ಫಲಕಗಳ ನಡುವೆ ಓಡಾಡುವವನು. ಇಬ್ಬರೂ ಮೊದಲೇ ಒಬ್ಬರನ್ನೊಬ್ಬರು ಮೆಚ್ಚಿದ್ದರು, ಹಿರಿಯರು ಆಮೇಲೆ ಕೂತರು. ಬೆಡಗು ಕೇಳಿದರು, ತಾಯಂದಿರ ಬೆಡಗೂ ಕೇಳಿದರು, ಎಲ್ಲ ಬೇರೆ ಬೇರೆ. ಧಾರೆಯ ವಿಷಯ ಎಲ್ಲರಿಗೂ ಗೊತ್ತಿತ್ತು. ಊರ ವರಸೆ ಬೇರೆ, ಬೆಡಗಿನ ವರಸೆ ಬೇರೆ ಎಂದು ಅದಕ್ಕೆ ಯಾರೂ ಅಡ್ಡ ಹೇಳಲಿಲ್ಲ. ಬಲಸಮುದ್ರದಕ್ಕ ಅಂದು ಅಡಿಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡು ಅತ್ತಳು. ತವರಿನ ಹೆಣ್ಣು ಮನೆಗೆ ಬರುತ್ತದೆ ಎಂದು ಅವಳಿಗೆ ಸಂತೋಷ.

ಮದುವೆಗೆ ಹುಡುಗಿಯ ಅಪ್ಪ, ನಮ್ಮ ಭಾವ, ಸಂಘದ ಛತ್ರ ಕೇಳಿದರು. ಛತ್ರ ಬೇಕಾದರೆ ಆ್ಯಪಿನ ಹಸಿರು ಪಟ್ಟಿ ತೋರಿಸಬೇಕು ಎಂಬುದು ಸಂಘದ ಹೊಸ ನಿಯಮ. ಸಂಘದ ಗುಮಾಸ್ತ ಇಬ್ಬರ ಹೆಸರು ಒತ್ತಿದ. ಪಟ್ಟಿ ಕೆಂಪಾಗಿ ಬಂತು.

ಅವನು ಭಾವನನ್ನು ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಹೇಳಲಿಲ್ಲ. ಪರದೆಯ ಚಿತ್ರ ತೆಗೆದು ಸಮಿತಿಯ ವಾಟ್ಸಾಪ್ ಗುಂಪಿಗೆ ಹಾಕಿದ. ಅಲ್ಲಿಂದ ಅದು ಮಧ್ಯಾಹ್ನದೊಳಗೆ ನಾಲ್ಕು ತಾಲ್ಲೂಕು ಸುತ್ತಿತು. ಅದರ ಕೆಳಗೆ ಬಂದ ಮಾತುಗಳನ್ನು ನಾನು ಓದಿದ್ದೇನೆ, ಇಲ್ಲಿ ಬರೆಯುವುದಿಲ್ಲ. ಉದ್ಘಾಟನೆಯ ದಿನ ನನ್ನ ಪಕ್ಕದಲ್ಲಿ ಕೂತು ಹೋಳಿಗೆ ತಿಂದ ಗಂಡಸರೇ ಅವನ್ನು ಬರೆದಿದ್ದರು. ಮೊಮ್ಮಕ್ಕಳ ಫೋಟೋ ಹಾಕಿಕೊಂಡ ಹೆಸರುಗಳ ಕೆಳಗೆ ಅಂಥ ಹೊಲಸು. ಕೆಲವರು ಕೈಮುಗಿದ ಗುರುತು ಹಾಕಿ, ದೇವರು ದೊಡ್ಡವನು, ದೊಡ್ಡ ಪಾಪ ತಪ್ಪಿತು ಎಂದು ಬರೆದರು. ಬಯ್ದವರಿಗಿಂತ ಆ ಕೈಮುಗಿದವರನ್ನು ಕಂಡೇ ನನಗೆ ಹೆಚ್ಚು ಅಸಹ್ಯವಾಯಿತು.

ಕಾರ್ಯದರ್ಶಿಗೆ ಫೋನ್ ಮಾಡಿದೆ. ಅವರ ದನಿಯಲ್ಲಿ ಒಳಗೊಳಗೇ ಒಂದು ಹಿಗ್ಗಿತ್ತು. ಆ್ಯಪು ಮೊದಲ ಸಾರಿ ಏನನ್ನೋ ಹಿಡಿದಿತ್ತಲ್ಲ.

“ನಿಮ್ ಮನೆ ಹುಡ್ಗಿ ಅಂತ ಬೇಜಾರು ಮಾಡ್ಕಬೇಡಿ ಕಣಮ್ಮ,” ಎಂದರು. “ಮಿಷಿನ್ನು ಯಾರ್ ಮುಖಾನೂ ನೋಡಲ್ಲ. ಇರೋದುನ್ನ ಹೇಳ್ತೈತೆ.”

ಅದು ಯಾರೋ ಬರೆದದ್ದನ್ನು ಹೇಳುತ್ತದೆ ಅಷ್ಟೇ ಎಂದು ನಾನು ಹೇಳುವ ಹೊತ್ತಿಗೆ ಅವರಿಗೆ ಬೇರೆ ಫೋನ್ ಬಂದಿತ್ತು.

ಸಂಜೆಗೆ ಅಕ್ಕನ ಮಗಳು ಕೊರಟಗೆರೆಯಿಂದ ನೇರ ನನ್ನ ಕೋಣೆಗೆ ಬಂದಳು. ಆಸ್ಪತ್ರೆಯ ಬಟ್ಟೆಯಲ್ಲೇ ಇದ್ದಳು. ಬಂದವಳು ಮೊದಲು ನಲ್ಲಿಯ ಹತ್ತಿರ ಹೋಗಿ ಸೋಪು ಹಾಕಿ ಕೈ ತೊಳೆದಳು, ಒರೆಸಿಕೊಂಡಳು, ಮತ್ತೆ ತೊಳೆದಳು.

“ಚಿಕ್ಕಮ್ಮ, ಅವ್ರು ನಂಗೆ ಅಣ್ಣ ಅಲ್ಲ ಅಂತ ನಂಗೂ ಗೊತ್ತು,” ಎಂದಳು. “ಆದ್ರೂ ಅದುನ್ನ ನೋಡ್ದಾಗ್ಲಿಂದ ನನ್ ಮೈನ ಮುಟ್ಕಳಕ್ಕೂ ಅಸಯ್ಯ ಆಗ್ತೈತೆ. ಇದು ಸುಳ್ಳು ಅಂತ ಅವ್ರ ಗುಂಪ್ನಾಗೇ ಬರ್ಸ್ಕೊಡು. ಇಲ್ದಿದ್ರೆ ನಂಗೆ ಈ ಮದ್ವೇನೂ ಬ್ಯಾಡ, ಇನ್ ಯಾವ ಮದ್ವೇನೂ ಬ್ಯಾಡ.”

ಅವಳಿಗೆ ಮಾತು ಕೊಟ್ಟೆ. ಮಾರನೆಯ ದಿನ, ಡೇಟಾಬೇಸಿಗೆ ಬಂದುಹೋದ ಪ್ರಶ್ನೆಗಳೆಲ್ಲ ದಾಖಲಾಗುವ ಲಾಗ್ ಬಿಚ್ಚಿ ಕೂತೆ. ಡೇಟಾಬೇಸ್ ನಡೆದುಹೋದ ದಾರಿ ಸಿಗುವುದು ಕಷ್ಟವಾಗಲಿಲ್ಲ. ಹುಡುಗನಿಂದ ಅವನ ತಾಯಿಗೆ, ತಾಯಿಯಿಂದ ‘ಮಗಳು’ ಎಂಬ ಗೆರೆ ಹಿಡಿದು ನನ್ನ ಅಪ್ಪನಿಗೆ, ಅಪ್ಪನಿಂದ ನನ್ನ ಅಕ್ಕನಿಗೆ, ಅಕ್ಕನಿಂದ ಅವಳ ಮಗಳಿಗೆ. ಅಕ್ಕತಂಗಿಯರ ಮಕ್ಕಳು, ಕೆಂಪು. ಬಲಸಮುದ್ರದಕ್ಕನನ್ನು ಯಾರೋ ನಮ್ಮ ಅಪ್ಪನ ಮಗಳು ಎಂದು ಬರೆದಿದ್ದರು.

ಯಾರು ಬರೆದರು ಎಂಬುದು ಲಾಗಿನಲ್ಲಿ ಇರಲಿಲ್ಲ. ಎಲ್ಲ ಫೋನುಗಳೂ ಒಂದೇ ಹೆಸರಿನಲ್ಲಿ ಒಳಗೆ ಬರುತ್ತಿದ್ದವಲ್ಲ, ನಾಲ್ಕು ತಾಲ್ಲೂಕಿನವರೆಲ್ಲ ಅದಕ್ಕೆ ಒಬ್ಬನೇ ಮನುಷ್ಯ. ಹಾಗಾಗಿ ನಾನು ನನಗೆ ಬೇಕಾದವರ ಮೇಲೆಲ್ಲ ಅನುಮಾನಪಟ್ಟೆ. ಅಕ್ಕನ ಮಗಳನ್ನು ಮೊದಲು ಕೇಳಿ ಇಲ್ಲವೆನ್ನಿಸಿಕೊಂಡ ಕೊರಟಗೆರೆಯ ಒಂದು ಮನೆಯವರ ಮೇಲೆ ಪಟ್ಟೆ. ಗುಮಾಸ್ತನ ಮೇಲೆ ಪಟ್ಟೆ. ಬಲಸಮುದ್ರದಕ್ಕನ ಗಂಡನ ಕಡೆಯ ದಾಯಾದಿಗಳು ಮಾಡಿರಬೇಕು ಎಂದು ಅಕ್ಕನ ಹತ್ತಿರ ಬಾಯಿ ಬಿಟ್ಟು ಹೇಳಿಯೂಬಿಟ್ಟೆ. ಮೂರು ದಿನ ಒಬ್ಬೊಬ್ಬರ ಮುಖವನ್ನು ಮನಸ್ಸಿಗೆ ತಂದುಕೊಂಡು ಥೂ ಎಂದೆ.

ನಾಲ್ಕನೆಯ ದಿನ ಆ ಗೆರೆಯನ್ನೇ ಬಿಡಿಸಿ ನೋಡುವ ಬುದ್ಧಿ ಬಂತು. ಪ್ರತಿ ಗೆರೆಯ ಜೊತೆಗೂ ಅದನ್ನು ಎಳೆದ ಹೊತ್ತು ದಾಖಲಾಗುವ ಹಾಗೆ ಮೊದಲೇ ಮಾಡಿಟ್ಟಿದ್ದೆ. ನೋಡಿದರೆ ಅದು ಉದ್ಘಾಟನೆಯ ದಿನದ ಬೆಳಿಗ್ಗೆ. ಆ ಹೊತ್ತಿಗೆ ಆ್ಯಪ್ ಇದ್ದದ್ದು ಒಂದೇ ಫೋನಿನಲ್ಲಿ, ಅದು ನನ್ನದು. ತವರು ಮನೆ ತುಂಬಿದರೆ ಆ್ಯಪು ತಾನಾಗಿಯೇ ಆ ಮನೆಯ ಯಜಮಾನನಿಗೆ ‘ಮಗಳು’ ಎಂಬ ಗೆರೆ ಎಳೆದು ಡೇಟಾಬೇಸಿಗೆ ಕಳಿಸುತ್ತಿತ್ತು. ಅಷ್ಟು ದಿನ ಬಿಚ್ಚಿ ನೋಡಿದವಳಿಗೆ ಅದೊಂದು ಕಣ್ಣಿಗೆ ಬಿದ್ದಿರಲಿಲ್ಲ.

ಬೇರೆಯವರಿಗೆಂದು ಕೂಡಿಟ್ಟಿದ್ದ ಹೇಸಿಗೆಯೆಲ್ಲ ಒಂದೇ ಸಲ ನನ್ನ ಮೇಲೆ ಬಂದಿತ್ತು.

ಆದರೂ ಒಂದು ಅನುಮಾನ ಉಳಿಯಿತು. ಧಾರೆ ಎರೆದದ್ದು ಸುಳ್ಳಲ್ಲ, ತವರು ಎಂದದ್ದು ಸುಳ್ಳಲ್ಲ, ಹಾಗಿದ್ದ ಮೇಲೆ ಆ ಗೆರೆ ತಪ್ಪು ಹೇಗೆ. ಇದನ್ನು ಕೇಳಬಹುದಾದವನು ಒಬ್ಬನೇ ಇದ್ದ. ಹೆಳವರ ಅಜ್ಜ ಹೋಗಿ ವರ್ಷಗಳಾದವು, ಈಗ ಅವನ ಮಗ ಬರುತ್ತಾನೆ, ಮೊಪೆಡ್ಡಿನ ಮೇಲೆ, ಪುಸ್ತಕಗಳನ್ನು ಗೊಬ್ಬರದ ಚೀಲದಲ್ಲಿ ಸುತ್ತಿಕೊಂಡು. ಫೋನ್ ಮಾಡಿ ನಮ್ಮ ಪುಟ ಓದಿ ಹೇಳು ಎಂದೆ. ಫೋನಿನಲ್ಲಿ ಓದುವುದಿಲ್ಲ, ನಿಮ್ಮೂರಿನ ಮನೆಯ ಅಂಗಳಕ್ಕೆ ಬನ್ನಿ ಎಂದ. ಹೋದೆ. ಬೀಗ ಹಾಕಿದ ಮನೆಯ ಮುಂದೆ ಕಂಬಳಿ ಹಾಸಿದೆ. ಅವನು ಕೂತು, ನನ್ನನ್ನು ಚಿಕ್ಕಂದಿನಿಂದ ನೋಡಿದವನು, ನಿಮ್ಮ ಬೆಡಗು ಯಾವುದು, ಮನೆದೇವರು ಯಾವುದು ಎಂದು ಕೇಳಿದ. ಹೇಳಿದ ಮೇಲೆ ಗಂಟು ಬಿಚ್ಚಿ ಓದಿದ. ಅಪ್ಪನಿಗೆ ಇಬ್ಬರೇ ಹೆಣ್ಣುಮಕ್ಕಳು.

ಧಾರೆ ಎರೆದದ್ದು ನಿಮ್ಮ ಪುಸ್ತಕದಲ್ಲಿ ಇಲ್ಲವೇ ಎಂದು ಕೇಳಿದೆ.

“ಐತೆ ಕಣವ್ವ. ನಮ್ಮಪ್ಪ ಬರ್ಕಂಡವ್ರೆ,” ಎಂದ. “ಆದ್ರೆ ಈ ಪುಟದಾಗಲ್ಲ. ಧಾರೆ ಎರ್ದೋರು, ಸಾಕ್ದೋರು, ಅಂತಾವ್ನೆಲ್ಲ ಹಿಂದ್ಗಡೆ ಬ್ಯಾರೆ ಹಾಳೇಲಿ ಬರೀತೀವಿ. ಸಂಬಂದ ನೋಡೋವಾಗ ಆ ಹಾಳೆ ತಿರುವಾಕಲ್ಲ.”

ಹಿಂದಿನ ಹಾಳೆಯನ್ನು ತಿರುವಿ ತೋರಿಸಿದ. ಬಲಸಮುದ್ರದಕ್ಕನ ಹೆಸರು ಅಲ್ಲಿತ್ತು, ಪಕ್ಕದಲ್ಲಿ ಅಪ್ಪ ಅಮ್ಮನ ಹೆಸರು. ಎತ್ತಿನ ಮೇಲೆ ಬಂದ ಮುದುಕನಿಗೆ ಹೊಳೆದದ್ದು ನನಗೆ ಹೊಳೆದಿರಲಿಲ್ಲ. ಎರಡು ಥರದ ಸಂಬಂಧಕ್ಕೆ ಎರಡು ಥರದ ಗೆರೆ ಬೇಕು, ಕೇಳುವವನು ಯಾವುದನ್ನು ಹಿಡಿದು ನಡೆಯಬೇಕು ಎಂದು ಪ್ರಶ್ನೆಯಲ್ಲೇ ಹೇಳಬೇಕು. ನಾನು ಕೂಲಿ ತೆಗೆದುಕೊಂಡು ಮಾಡುವ ಕೆಲಸದ ಮೊದಲ ಪಾಠ ಅದು.

ಶಿರಾಕ್ಕೆ ಬಂದು ‘ಧಾರೆ ಎರೆದವರು’ ಎಂಬ ಹೊಸ ಗೆರೆ ಮಾಡಿದೆ. ಬಲಸಮುದ್ರದಕ್ಕನ ‘ಮಗಳು’ ಗೆರೆ ತೆಗೆದು ಅದನ್ನು ಹಾಕಿದೆ. ಆ್ಯಪಿನಲ್ಲಿ ಹೆಸರು ಒತ್ತಿ ನೋಡಿದರೆ ಮತ್ತೆ ಕೆಂಪು. ಆಗ ನೆನಪಾಯಿತು, ಆ ದರಿದ್ರ ಆ್ಯಪು ಯಾವ ಥರದ ಗೆರೆಯಾದರೂ ಹಿಡಿದು ನಡೆಯುತ್ತದಲ್ಲ. ಆ ಪ್ರಶ್ನೆ ನನ್ನ ಕೈಯಲ್ಲಿರಲಿಲ್ಲ, ಸಾವಿರಾರು ಜನರ ಫೋನಿನೊಳಗಿತ್ತು. ನಡುವೆ ಒಂದು ಸರ್ವರ್ ಇದ್ದಿದ್ದರೆ ಒಂದು ಸಾಲು ತಿದ್ದಿ ಮುಗಿಸುತ್ತಿದ್ದೆ. ಇಲ್ಲಿ ಒಬ್ಬೊಬ್ಬರ ಫೋನಿಗೂ ಹೊಸ ಆ್ಯಪ್ ಹೋಗಬೇಕು. ಆ್ಯಪ್ ಮಾಡಿದವನಿಗೆ ಫೋನ್ ಮಾಡಿದರೆ ಅವನು ಆ ಕೆಲಸ ಬಿಟ್ಟು ಬೇರೆ ಏನೋ ಮಾಡುತ್ತಿದ್ದ. ಹಳೆಯ ಆ್ಯಪು ಇರುವ ತನಕ, ಡೇಟಾಬೇಸಿನಲ್ಲಿ ಆ ಹೆಂಗಸಿಗೂ ನಮ್ಮ ಮನೆಗೂ ಯಾವ ಗೆರೆ ಇದ್ದರೂ ಪಟ್ಟಿ ಕೆಂಪೇ. ಹಸಿರಾಗಬೇಕಾದರೆ ಒಂದೂ ಇರಬಾರದು.

ಆ ಗೆರೆ ಅಳಿಸುತ್ತೇನೆ ಎಂದು ಕಾರ್ಯದರ್ಶಿಗೆ ಹೇಳಿದೆ. ಅದನ್ನು ಸಮಿತಿಯ ಎದುರಿಗೇ ಮಾಡಬೇಕು ಎಂದರು. ಗುಂಪಿನಲ್ಲಿ ಚಿತ್ರ ಹೋಗಿದೆ, ಗುಂಪಿಗೇ ಉತ್ತರ ಹೋಗಬೇಕು. ಅಕ್ಕನ ಮಗಳು ಕೇಳಿದ್ದೂ ಅದನ್ನೇ. ಛತ್ರದ ಆಫೀಸಿನಲ್ಲಿ ಎರಡೂ ಕಡೆಯವರು ಸೇರಿದರು. ಬಲಸಮುದ್ರದಕ್ಕ ಬೆಳಿಗ್ಗೆಯೇ ಬಸ್ಸು ಹತ್ತಿ ಬಂದಿದ್ದಳು, ನನಗೆಂದು ಹುರಿಗಡಲೆ ಉಂಡೆ ಕಟ್ಟಿಕೊಂಡು. ನನ್ನ ಲ್ಯಾಪ್‌ಟಾಪಿನ ಪಕ್ಕದಲ್ಲೇ ಕೂತಳು.

ತಪ್ಪು ನನ್ನದು, ಬರೆದವಳು ನಾನು, ಬೇರೆ ಯಾರೂ ಅಲ್ಲ ಎಂದು ಎಲ್ಲರೆದುರು ಹೇಳಿದೆ. ಗಂಡಸರು ಗಂಟಲು ಸರಿಮಾಡಿಕೊಂಡರು. ಯಾರೂ ತಮ್ಮ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ. ಸಮಿತಿಯ ಪುಸ್ತಕದಲ್ಲಿ ಬರೆಯಲು ಬಾಯಿಮಾತಿನ ಹೇಳಿಕೆ ಬೇಕು ಎಂದ ಗುಮಾಸ್ತ ಪೆನ್ನು ಹಿಡಿದು ಕೂತ. ಈಕೆಗೂ ನಿಮ್ಮ ಮನೆಗೂ ಏನು ಸಂಬಂಧ ಎಂದು ಕಾರ್ಯದರ್ಶಿ ಕೇಳಿದರು.

ಎದುರಿಗೆ ಅಕ್ಕನ ಮಗಳು ಗೋಡೆಗೆ ಒರಗಿ ನಿಂತಿದ್ದಳು. ಕೈಗಳನ್ನು ಒಂದರೊಳಗೊಂದು ಹಿಡಿದುಕೊಂಡಿದ್ದಳು.

“ಏನೂ ಇಲ್ಲ,” ಎಂದೆ.

ಗುಮಾಸ್ತ ಬರೆದುಕೊಂಡ. ನಾನು ಡೇಟಾಬೇಸಿಗೆ ಹೋಗಿ, ಸೆಷನ್ ತೆರೆದು, ಆ ಗೆರೆಯನ್ನು ಅಳಿಸುವ ಒಂದು ಸಾಲು ಬರೆದು ಕಳಿಸಿದೆ. ‘ಒಂದು ಸಂಬಂಧ ಅಳಿಸಲಾಗಿದೆ’ ಎಂಬ ಅರ್ಥದ ಉತ್ತರ ಬಂತು. ಸೆಷನ್ ಮುಚ್ಚಿದೆ. ಗುಮಾಸ್ತ ತನ್ನ ಫೋನಿನಲ್ಲಿ ಹೆಸರುಗಳನ್ನು ಒತ್ತಿದ. ಹಸಿರು ಪಟ್ಟಿ, ಅದರೊಳಗೆ ‘ಯಾವುದೇ ಸಂಬಂಧ ಕಂಡುಬಂದಿಲ್ಲ’. ಅದರ ಚಿತ್ರ ತೆಗೆದು ಗುಂಪಿಗೆ ಹಾಕಿದ. ಅದೇ ಜನ ಅದೇ ಬೆರಳುಗಳಿಂದ ಹೂಗುಚ್ಛದ ಗುರುತು ಕಳಿಸಿದರು. ಅಕ್ಕನ ಮಗಳು ನಿಂತಲ್ಲೇ ಕುಸಿದು ಕೂತು ಅತ್ತಳು. ಅವಳ ಅಪ್ಪ ಬೆನ್ನು ಸವರಿದರು. ಯಾರೋ ಮೈಸೂರು ಪಾಕ್ ಹಂಚಿದರು. ನನ್ನ ಕೈಗೂ ಒಂದು ಬಂತು, ಜಿಡ್ಡು ಜಿಡ್ಡಾಗಿತ್ತು. ಯಾರೂ ನೋಡದ ಹಾಗೆ ಮೇಜಿನ ಕೆಳಗೆ ಇಟ್ಟುಬಿಟ್ಟೆ.

ಬಲಸಮುದ್ರದಕ್ಕನಿಗೆ ಓದಲು ಅಷ್ಟಾಗಿ ಬರುವುದಿಲ್ಲ. ಗುಮಾಸ್ತನ ಫೋನು ಈಸಿಕೊಂಡು ಆ ಹಸಿರು ಪಟ್ಟಿಯ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿಕೊಂಡಳು. ಆಮೇಲೆ ಫೋನು ಕೊಟ್ಟು, ಸೆರಗು ಸರಿಮಾಡಿಕೊಂಡು ಎದ್ದಳು.

ಅವಳನ್ನು ಪಾವಗಡದ ಬಸ್ಸಿಗೆ ಹತ್ತಿಸಲು ನಾನೇ ಹೋದೆ. ದಾರಿಯುದ್ದಕ್ಕೂ ಮದುವೆಯ ಮಾತಾಡಿದಳು. ಎಷ್ಟು ಎಲೆ, ಯಾವ ಅಡಿಗೆಯವರು, ಹುಡುಗಿಗೆ ಯಾವ ಬಣ್ಣದ ಸೀರೆ. ನನ್ನನ್ನು ಯಾವತ್ತಿನ ಹಾಗೆ ಹೆಸರು ಹಿಡಿದು ಕರೆಯಲಿಲ್ಲ. ಇನ್ನು ಮೇಲೆ ಬೀಗರ ಕಡೆಯವಳು ಎಂದೋ ಏನೋ, ನೀವು ಎಂದಳು. ಬಸ್ಸು ಬಂದು ಕಿಟಕಿಯ ಹತ್ತಿರ ಕೂತ ಮೇಲೆ, ಹೊರಗೆ ನಿಂತಿದ್ದ ನನ್ನ ಕಡೆ ಬಗ್ಗಿದಳು. ಆಗ ಅವಳ ಹಳೆಯ ದನಿ ಬಂತು.

“ಈ ಸಾರಿ ಗೌರಿ ಹಬ್ಬಕ್ಕೆ ಬಾಗಿನ ತರ್ಬೇಡ ಕಣೇ,” ಎಂದಳು. “ಯಾರಾನ ನೋಡುದ್ರೆ ಮತ್ತೆ ಬರ್ದ್‌ಬುಟ್ಟಾರು.”

ಹಬ್ಬಕ್ಕೆ ಹನ್ನೊಂದು ದಿನ ಇತ್ತು. ಮೊರಗಳನ್ನು ತಂದು ಅರಿಶಿನ ಬಳಿದು ಕೋಣೆಯ ಕಿಟಕಿಯಲ್ಲಿ ಒಣಗಲು ಇಟ್ಟಿದ್ದೆ.